ಬೋರ್ ನೀರಲ್ಲಿ ಹಬೆ ಎದ್ದರೆ ಕರೆಂಟು ಬರಲ್ಲ

ಚಳಿ ಶುರುವಾಯಿತೆಂದರೆ ನನ್ನ ವಾಟ್ಸ್‌ಆ್ಯಪ್ ತುಂಬ ಹಬೆಯಾಡುವ ಬೋರ್‌ವೆಲ್‌ಗಳ ವಿಡಿಯೊ. ಅದದೇ ಉತ್ತರ ಹೇಳಿ ಬಾಯಿ ಸೋತಿದೆ. ಈ ಸಲ ಬರೆದೇ ಕೊಡುತ್ತೇನೆ.

ಪ್ರಶ್ನೆ: ಸರ್, ನಮ್ಮದು ಆಳಂದ ತಾಲ್ಲೂಕು. ಹೊಲದಲ್ಲಿ 500 ಅಡಿ ಬೋರ್ ಇದೆ. ಡಿಸೆಂಬರ್ ಬೆಳಿಗ್ಗೆ ಬಿಸಿನೀರು ಬರುತ್ತದೆ, ಹಬೆಯೂ ಏಳುತ್ತದೆ. ಇದರಿಂದ ಕರೆಂಟು ಮಾಡಬಹುದಾ? ಒಬ್ಬರು ತೆಂಗಿನಕಾಯಿ ಹಿಡಿದು ನೋಡಿ, ಕೆಳಗೆ ಕುದಿಯುವ ಸೆಲೆ ಇದೆ, ಇನ್ನೂ 300 ಅಡಿ ಕೊರೆಸಿ ಅಂದಿದ್ದಾರೆ.

ಉತ್ತರ: ಮೊದಲು ಆ ಕಾಯಿ ಇಸ್ಕೊಂಡು ಚಟ್ನಿ ಅರೆಯಿರಿ. ದುಡ್ಡು ಕೊಟ್ಟಿದ್ದೀರಿ, ಅಷ್ಟಾದರೂ ವಸೂಲಾಗಲಿ.

ನೀರು ಬಿಸಿಯಾಗಿಲ್ಲ, ನಿಮ್ಮ ಕೈ ತಣ್ಣಗಾಗಿದೆ. ನೆಲದೊಳಗೆ ಮೂವತ್ತು ನಲವತ್ತು ಅಡಿ ಇಳಿದರೆ ಚಳಿಯೂ ಇಲ್ಲ, ಬೇಸಿಗೆಯೂ ಇಲ್ಲ. ವರ್ಷದ ಸರಾಸರಿ ಬಿಸಿ ಎಷ್ಟೋ ಅಷ್ಟೇ. ನಮ್ಮ ಕಡೆ ಅದು 27–28 ಡಿಗ್ರಿ. ಹೊರಗೆ 13 ಡಿಗ್ರಿ ಇದ್ದಾಗ ಆ ನೀರು ಹಬೆಯಾಡುತ್ತದೆ. ಅದೇ ನೀರನ್ನು ಮೇ ತಿಂಗಳ ಮಧ್ಯಾಹ್ನ ಮುಟ್ಟಿ, ತಂಪು ಅನ್ನುತ್ತೀರಿ. ಬೀದರಿನ ಝರಣಿ ನರಸಿಂಹ ಗುಹೆಯ ನೀರಿನ ಕಥೆಯೂ ಇದೇ ಅಲ್ವಾ?

ಒಮ್ಮೆ ಚಿಂಚೋಳಿ ಕಡೆ ಒಂದು ‘ಕುದಿಯುವ ಬೋರ್’ ನೋಡಲು ಕರೆದರು. ನಾನು ಹೋಗುವಷ್ಟರಲ್ಲಿ ಅರಿಶಿನ ಕುಂಕುಮ ಹಚ್ಚಿ ಊದುಬತ್ತಿ ಹಚ್ಚಿಟ್ಟಿದ್ದರು. ಬಿಸಿಲಲ್ಲಿ ಉದ್ದಕ್ಕೆ ಬಿದ್ದಿದ್ದ ಕಪ್ಪು ಪೈಪಿನೊಳಗೆ ನಿಂತ ನೀರು ಅದು. ಹತ್ತು ನಿಮಿಷ ಹರಿಯಬಿಟ್ಟು ಥರ್ಮಾಮೀಟರ್ ಇಟ್ಟೆ, 29. ಯಾರೂ ಚಹಾ ಕೂಡ ಕೊಡಲಿಲ್ಲ.

ಇನ್ನು ಆಳದ ಲೆಕ್ಕ. ನಮ್ಮ ಕಾಲಡಿಯ ಹಳೇ ಬಂಡೆ ತಣ್ಣನೆಯದು. ಕೆಜಿಎಫ್ ಗಣಿಯಲ್ಲಿ 3 ಕಿ.ಮೀ.ಗೂ ಕೆಳಗೆ ಇಳಿದಾಗ ಸಿಕ್ಕ ಬಿಸಿ ಸುಮಾರು 65–70 ಡಿಗ್ರಿ. ಅಂದರೆ ಕಿಲೋಮೀಟರಿಗೆ 12–15 ಡಿಗ್ರಿ ಏರಿಕೆ. ನಿಮ್ಮ 300 ಅಡಿಗೆ ಒಂದೂವರೆ ಡಿಗ್ರಿ ಸಿಕ್ಕರೆ ಪುಣ್ಯ! ಅಷ್ಟರಲ್ಲಿ ಕರೆಂಟು ಆಗಲ್ಲ. ಲಡಾಖಿನ ಪೂಗಾ ಎಂಬ ಬಿಸಿನೀರಿನ ಕಣಿವೆಯ ಮಾತು ಬೇರೆ. ಅಲ್ಲಿ ನೀರು ನೆಲದ ಮೇಲೇ ಕುದಿಯುತ್ತದೆ.

ನಮ್ಮ ಹಾಗೆ ತಣ್ಣನೆಯ ಬಂಡೆಯ ಫಿನ್‌ಲ್ಯಾಂಡಿನವರು ಎಸ್ಪೂ ಎಂಬಲ್ಲಿ 6 ಕಿ.ಮೀ.ಗಿಂತ ಆಳ ಕೊರೆದರು. ಕೆಳಗೆ 120 ಡಿಗ್ರಿಯಷ್ಟು ಬಿಸಿ ಸಿಕ್ಕಿತು. ಆದರೆ ಬಂಡೆಯ ಬಿರುಕುಗಳಲ್ಲಿ ಬೇಕಾದಷ್ಟು ನೀರು ಹರಿಯಲಿಲ್ಲ. ಅವರು ಕೇಳಿದ್ದು ಕರೆಂಟೂ ಅಲ್ಲ, ಮನೆ ಬೆಚ್ಚಗಿಡುವ ಬಿಸಿನೀರು ಅಷ್ಟೇ.

ಇಪ್ಪತ್ತು ನಿಮಿಷ ಓಡಿಸಿದ ಮೇಲೂ ನೀರು ಸುಡುತ್ತಿದ್ದರೆ ಮೆಕ್ಯಾನಿಕ್‌ನನ್ನು ಕರೆಸಿ. ನೀರು ಕಮ್ಮಿಯಾಗಿ ಮೋಟರ್ ಬಿಸಿಯಾಗುತ್ತಿರಬಹುದು.

ಪ್ರಶ್ನೆ: ಸ್ವೀಡನ್‌ನಲ್ಲಿ ಲಕ್ಷಾಂತರ ಮನೆಗಳು ನೆಲದಲ್ಲಿ ಹೂತ ಪೈಪು, ಹೀಟ್ ಪಂಪಿನಿಂದ ನೆಲದ ಶಾಖ ಬಳಸುತ್ತವೆ. ನಾವು ಕಲಬುರಗಿಯಲ್ಲಿ ಅದೇ ಪಂಪಿನಿಂದ ಮನೆ ತಂಪು ಮಾಡಬಹುದಲ್ಲ?

ಉತ್ತರ: ಮಾಡಬಹುದು. ನಾನು ಮಾತ್ರ ನಮ್ಮನೆಗೆ ಹಾಕಿಸಲ್ಲ. ಅವರು ಚಳಿಗಾಲದಲ್ಲಿ ನೆಲದಿಂದ ಶಾಖ ತೆಗೆಯುತ್ತಾರೆ, ಬೇಸಿಗೆಯಲ್ಲಿ ಅದು ಮತ್ತೆ ತುಂಬಿಕೊಳ್ಳುತ್ತದೆ. ನಾವು ಮನೆಯ ಶಾಖವನ್ನು ನೆಲಕ್ಕೆ ಸುರಿಯುತ್ತಲೇ ಇರುತ್ತೇವೆ, ವಾಪಸ್ ತೆಗೆಯುವ ಚಳಿ ನಮಗೆಲ್ಲಿದೆ? ವರ್ಷ ಕಳೆದಂತೆ ಪೈಪಿನ ಸುತ್ತಲ ನೆಲವೇ ಕಾಯುತ್ತದೆ. ಮೇಲಾಗಿ ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಪೈಪನ್ನು ಬಿಟ್ಟು ನಿಲ್ಲುತ್ತದೆ. ನಡುವೆ ಗಾಳಿ ಹೊಕ್ಕರೆ ಶಾಖ ದಾಟಲ್ಲ. ದೊಡ್ಡ ಆಸ್ಪತ್ರೆಗಾದರೆ ಆಳದ ಬೋರ್‌ಗಳನ್ನಿಟ್ಟು ಲೆಕ್ಕ ಹಾಕಬಹುದು. ಮನೆಗಾದರೆ ಮಾಳಿಗೆಗೆ ಸುಣ್ಣ ಹೊಡೆಸಿ, ಸಾಕು.

ಪ್ರಶ್ನೆ: ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ 2021ರಲ್ಲಿ ನೆಲ ಗುಡುಗಿತ್ತು. ಒಳಗೆ ಲಾವಾ ಇದೆಯಾ?

ಉತ್ತರ: ಇಲ್ಲ. ನಮ್ಮ ಕಡೆಯ ಕಪ್ಪು ಬಂಡೆಯಾದ ಲಾವಾ ತಣ್ಣಗಾಗಿ 6 ಕೋಟಿ ವರ್ಷ ದಾಟಿತು. ಅದು ಬಂಡೆ ಅಲುಗಿದ ಸದ್ದು.

ಪ್ರಶ್ನೆ: ನಮ್ಮ ಬೋರ್ ನೋಡಲು ಬರುತ್ತೀರಾ?

ಉತ್ತರ: ಥರ್ಮಾಮೀಟರಿನ ಫೋಟೊ ಕಳಿಸಿ. 40 ದಾಟಿದ್ದರೆ ಬರುತ್ತೇನೆ. ಹಬೆಯ ವಿಡಿಯೊ ಬೇಡ.