ಓದುಗರ ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವರು ವಿಮಾನ ಸಂಚಾರ ನಿಯಂತ್ರಕರಾಗಬಹುದೇ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಶಿವಮೊಗ್ಗದಲ್ಲಿ ಭೌತಶಾಸ್ತ್ರ ಮತ್ತು ಗಣಿತ ವಿಷಯಗಳೊಂದಿಗೆ ಬಿ.ಎಸ್‌ಸಿ. ಅಂತಿಮ ವರ್ಷದಲ್ಲಿದ್ದೇನೆ. 2023ರಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಸಂಚಾರ ನಿಯಂತ್ರಣದ ಕೆಲಸಕ್ಕೆ ಸೇರುವ ಆಸೆಯಿದೆ. ಆದರೆ ನಾನು ಇಂಗ್ಲಿಷ್ ಮಾತನಾಡಿದರೆ ಕನ್ನಡದ ಛಾಯೆ ಎದ್ದು ಕಾಣುತ್ತದೆ. ನಗರದ ಶಾಲೆಗಳಲ್ಲಿ ಓದಿದವರಿಗಷ್ಟೇ ಈ ಹುದ್ದೆ ದಕ್ಕುತ್ತದೆ ಎಂದು ಸಹಪಾಠಿಗಳು ಹೇಳುತ್ತಾರೆ. ಇದು ನಿಜವೇ?

ಉತ್ತರ: ನಿಜವಲ್ಲ. ಈ ಮಾತನ್ನು ನಂಬಿ ಅರ್ಜಿಯನ್ನೇ ಹಾಕದೆ ಉಳಿಯುವ ಮಕ್ಕಳ ಬಗ್ಗೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಸಂಚಾರ ನಿಯಂತ್ರಣದ ಜೂನಿಯರ್ ಎಕ್ಸಿಕ್ಯುಟಿವ್ ಹುದ್ದೆಗೆ ಕೇಳುವುದು ನಿಮ್ಮಲ್ಲಿರುವ ವಿದ್ಯಾರ್ಹತೆಯನ್ನೇ. ಎಂಜಿನಿಯರಿಂಗ್ ಪದವೀಧರರೂ ಅರ್ಹರು. ಗರಿಷ್ಠ ವಯಸ್ಸು 27. ಮೀಸಲು ವರ್ಗಗಳಿಗೆ ಸಡಿಲಿಕೆ ಉಂಟು. ಆನ್‌ಲೈನ್ ಪರೀಕ್ಷೆಯ ನಂತರ ಧ್ವನಿ ಪರೀಕ್ಷೆ, ಮಾನಸಿಕ ಸಾಮರ್ಥ್ಯದ ಮೌಲ್ಯಮಾಪನ ಮತ್ತು ವೈದ್ಯಕೀಯ ತಪಾಸಣೆ ನಡೆಯುತ್ತವೆ.

ಇನ್ನು ಉಚ್ಚಾರಣೆಯ ವಿಷಯ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಪೈಲಟ್‌ಗಳು ಮತ್ತು ನಿಯಂತ್ರಕರ ಭಾಷಾ ಸಾಮರ್ಥ್ಯವನ್ನು ಆರು ಹಂತಗಳಲ್ಲಿ ಅಳೆಯುತ್ತದೆ. ಅಂತರರಾಷ್ಟ್ರೀಯ ಸಂಚಾರದ ರೇಡಿಯೊ ಸಂಭಾಷಣೆಗೆ ಕನಿಷ್ಠ ನಾಲ್ಕನೆಯ ಹಂತ ಬೇಕು. ಮಾತಿನ ಮೇಲೆ ತಾಯ್ನುಡಿಯ ಪ್ರಭಾವ ಇರಬಹುದು, ಆದರೆ ಕೇಳುವವರಿಗೆ ಅರ್ಥವಾಗಲು ಅದು ಕೆಲವೊಮ್ಮೆ ಮಾತ್ರ ತೊಡಕಾಗಬಹುದು ಎಂಬುದೇ ಆ ಹಂತದ ಆಶಯ. ಈ ಕಟ್ಟುನಿಟ್ಟಿನ ಹಿಂದೆ ದೊಡ್ಡ ದುರಂತಗಳಿವೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಿಸ್ತಾನದ ವಿಮಾನಗಳು ಡಿಕ್ಕಿ ಹೊಡೆದು 349 ಮಂದಿ ಸತ್ತರು. 15,000 ಅಡಿಯವರೆಗೆ ಮಾತ್ರ ಇಳಿಯಲು ಅನುಮತಿಯಿದ್ದ ಕಜಕ್ ವಿಮಾನ ಅದಕ್ಕಿಂತ ಕೆಳಗಿಳಿದಿತ್ತು, ಮತ್ತು ಅದರ ಸಿಬ್ಬಂದಿಗೆ ಇಂಗ್ಲಿಷ್ ಸಾಕಷ್ಟು ತಿಳಿಯದಿದ್ದುದೂ ಚರ್ಚೆಗೆ ಬಂತು. ಆದ್ದರಿಂದ ನೀವು ಬೆಳೆಸಿಕೊಳ್ಳಬೇಕಾದದ್ದು ನಾಜೂಕಿನ ಇಂಗ್ಲಿಷ್ ಅಲ್ಲ. ಪೈಲಟ್ ಸೂಚನೆಯನ್ನು ಮರಳಿ ಹೇಳುವಾಗ ಒಂದೇ ಒಂದು ಅಂಕಿ ತಪ್ಪಿದರೂ ಹಿಡಿದು ತಿದ್ದುವ ಕಿವಿ, ಅವಸರದಲ್ಲೂ ಸ್ಪಷ್ಟವಾಗಿ ಉಳಿಯುವ ದನಿ. ದಿನವೂ ಇಂಗ್ಲಿಷ್ ವಾರ್ತೆ ಕೇಳಿ, ಅದರಲ್ಲಿನ ಅಂಕಿಗಳನ್ನು ಬರೆದುಕೊಂಡು ಗಟ್ಟಿಯಾಗಿ ಓದಿ.

ಆಯ್ಕೆಯಾದವರಿಗೆ ಪ್ರಯಾಗ್‌ರಾಜ್, ಹೈದರಾಬಾದ್, ಗೊಂದಿಯಾಗಳಲ್ಲಿ ತರಬೇತಿ ಕೇಂದ್ರಗಳಿವೆ. ವಾಯುಯಾನ ಕಾನೂನು, ಹವಾಮಾನ ಶಾಸ್ತ್ರ, ಪಥದರ್ಶನ ಮುಂತಾದ ಪಾಠಗಳ ಜೊತೆಗೆ ಸಿಮ್ಯುಲೇಟರ್‌ನಲ್ಲಿ ಕಾಲ್ಪನಿಕ ವಿಮಾನಗಳನ್ನು ನಡೆಸಿ ಕಲಿಯಬೇಕು. ನಂತರ ನಿಯೋಜಿತ ನಿಲ್ದಾಣದಲ್ಲಿ ಪರವಾನಗಿ ಹೊಂದಿದ ಹಿರಿಯರ ಕಣ್ಗಾವಲಿನಲ್ಲಿ ನಿಜವಾದ ಸಂಚಾರವನ್ನು ನಿಭಾಯಿಸಿ ಅರ್ಹತೆ ಪಡೆಯಬೇಕು; ಬೇರೆ ನಿಲ್ದಾಣಕ್ಕೆ ವರ್ಗವಾದರೆ ಅಲ್ಲಿಯ ಅರ್ಹತೆಯನ್ನು ಮತ್ತೆ ಗಳಿಸಬೇಕು. ಅಲ್ಲಿ ಎಲ್ಲರೂ ಹೊಸಬರೇ.

ಬೇರೆ ಬೇರೆ ಹಿನ್ನೆಲೆಯವರನ್ನು ಸೇರಿಸಿಕೊಳ್ಳುವ ಉದ್ದೇಶಕ್ಕೂ ಸರಿಯಾದ ವಿಧಾನ ಬೇಕು. ಅಮೆರಿಕದಲ್ಲಿ 2014ರಲ್ಲಿ ನಿಯಂತ್ರಕರ ನೇಮಕಾತಿಗೆ ಅಭ್ಯರ್ಥಿಗಳ ಜೀವನ ವಿವರಗಳ ಪ್ರಶ್ನಾವಳಿಯೊಂದನ್ನು ತಂದರು. ಪ್ರೌಢಶಾಲೆಯಲ್ಲಿ ಯಾವ ವಿಷಯದಲ್ಲಿ ಕಡಿಮೆ ಅಂಕ ಬಂದಿತ್ತು ಎಂಬುದಕ್ಕೂ ಅದರಲ್ಲಿ ಅಂಕವಿತ್ತು. ತೀವ್ರ ಆಕ್ಷೇಪಗಳ ನಂತರ 2018ರಲ್ಲಿ ಅದನ್ನು ಕೈಬಿಟ್ಟರು. ಪರೀಕ್ಷೆಯನ್ನು ಕೆಲಸಕ್ಕೆ ಸಂಬಂಧವಿಲ್ಲದ ಪ್ರಶ್ನೆಗಳಿಂದ ತುಂಬುವ ಬದಲು, ಸಾಗರ, ಹೊಸನಗರ, ಕೊಪ್ಪದ ಪದವಿ ಕಾಲೇಜುಗಳಿಗೆ ನೇಮಕಾತಿಯ ಸುದ್ದಿ ಸಕಾಲದಲ್ಲಿ ತಲುಪಿಸಿ, ಧ್ವನಿ ಪರೀಕ್ಷೆಗೆ ಉಚಿತ ಅಭ್ಯಾಸ ಕೊಡಿಸುವುದೇ ನ್ಯಾಯವೆಂದು ನನ್ನ ನಿಲುವು.

ಪ್ರಶ್ನೆ: ನನ್ನ ಮಗಳಿಗೆ ಕನ್ನಡಕವಿದೆ. ಇದೇ ಕೆಲಸಕ್ಕೆ ಅದು ಅಡ್ಡಿಯೇ? – ಸಾಗರದ ತಾಯಿಯೊಬ್ಬರು

ಉತ್ತರ: ಕನ್ನಡಕವೊಂದೇ ಅಡ್ಡಿಯಾಗದು, ತಾಯಿ. ಅಂತರರಾಷ್ಟ್ರೀಯ ಮಾನದಂಡದಂತೆ, ಕನ್ನಡಕ ಧರಿಸಿಯಾದರೂ ಸರಿ, ಪ್ರತಿ ಕಣ್ಣಿನ ದೂರದೃಷ್ಟಿ 6/9 ಮತ್ತು ಎರಡೂ ಕಣ್ಣು ಸೇರಿ 6/6 ಇರಬೇಕು. ಬಣ್ಣಗಳನ್ನು ಗುರುತಿಸುವ ಶಕ್ತಿಯನ್ನೂ ಪರೀಕ್ಷಿಸುತ್ತಾರೆ; ಅರ್ಜಿ ಹಾಕುವ ಮೊದಲೇ ನೇತ್ರ ವೈದ್ಯರಲ್ಲಿ ಅದನ್ನು ತಪಾಸಣೆ ಮಾಡಿಸಿಬಿಡಿ.