ವರ್ಡ್‌ಪ್ರೆಸ್ ಪುಟಗಳನ್ನು ಕಾಲಂ, ಬಣ್ಣದ ಚೌಕಗಳಾಗಿ ವಿಭಾಗಿಸಲು ಅತಿ ಹೆಚ್ಚು ಶಾರ್ಟ್‌ಕೋಡ್‌ಗಳಿರುವ ಥೀಮ್ ಯಾವುದು?

ನಾನೂ ಇದೇ ಲೆಕ್ಕ ಹಾಕಿ ಥೀಮ್, ಅಂದರೆ ತಾಣದ ಸಿದ್ಧ ವಿನ್ಯಾಸ, ಕೊಂಡಿದ್ದೆ. ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಮಾಡಿದ, ಸಸ್ಯ ನರ್ಸರಿಯೊಂದರ ತಾಣ. ಕಾಳುಮೆಣಸು, ಅಡಿಕೆ, ಜಾಯಿಕಾಯಿ ಎಂದು ಪ್ರತಿ ಸಸಿಗೂ ಒಂದು ಪುಟ. ಎಡಕ್ಕೆ ಚಿತ್ರ, ಬಲಕ್ಕೆ ಬೆಲೆ, ಕೆಳಗೆ ಗೊಬ್ಬರದ ವಿವರಕ್ಕೆ ಹಸಿರು ಚೌಕ. ಎಲ್ಲವೂ ಥೀಮ್‌ನ ಶಾರ್ಟ್‌ಕೋಡ್‌ಗಳಿಂದಲೇ, ಅಂದರೆ ಬರಹದ ನಡುವೆ ಚೌಕಾವರಣದೊಳಗೆ ಬರೆಯುವ ಪುಟ್ಟ ಸಂಕೇತಗಳಿಂದಲೇ. ಕೆಲವು ವರ್ಷಗಳ ನಂತರ ಆ ಥೀಮ್‌ಗೆ ಅಪ್‌ಡೇಟ್ ಬರುವುದು ನಿಂತಿತು, ವರ್ಡ್‌ಪ್ರೆಸ್ ಓಡುವ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿಯಲ್ಲಿ ಅದು ಮುಗ್ಗರಿಸತೊಡಗಿತು. ಬೇರೆ ಥೀಮ್ ಹಾಕಿದೆ. ಪ್ರತಿ ಪುಟದಲ್ಲೂ ಚೌಕಾವರಣದೊಳಗೆ ‘ಒನ್ ಹಾಫ್’, ‘ಒನ್ ಹಾಫ್ ಲಾಸ್ಟ್’ ಎಂಬ ಸಂಕೇತಗಳು ಬರಿಮೈಯಲ್ಲಿ ನಿಂತವು. ಬೆಲೆ ಎಲ್ಲಿದೆ ಎಂದು ರೈತರು ಫೋನ್ ಮಾಡತೊಡಗಿದರು.

ಹೀಗೇಕಾಯಿತು ಎಂಬುದನ್ನು ಬಿಡಿಸಿ ಹೇಳಲೇಬೇಕು. ಡೇಟಾಬೇಸ್‌ನಲ್ಲಿ ನಿಮ್ಮ ಬರಹದ ಜೊತೆ ಉಳಿಯುವುದು ಶಾರ್ಟ್‌ಕೋಡ್‌ನ ಹೆಸರು ಮಾತ್ರ. ಅದನ್ನು ಕಾಲಂ ಆಗಿಸುವ ಪಿಎಚ್‌ಪಿ ಫಂಕ್ಷನ್ (ಕೋಡ್ ತುಣುಕು) ಇರುವುದು ಥೀಮ್‌ನ ಕಡತದಲ್ಲಿ, ಬಣ್ಣ ಕೊಡುವ ಸಿಎಸ್ಎಸ್ ಕೂಡ ಅಲ್ಲೇ. ಪುಟ ತೆರೆದಾಗಲೆಲ್ಲ ಆ ಹೆಸರಿನಲ್ಲಿ ಫಂಕ್ಷನ್ ನೋಂದಣಿಯಾಗಿದೆಯೇ ಎಂದು ವರ್ಡ್‌ಪ್ರೆಸ್ ನೋಡುತ್ತದೆ; ಆಗಿರದಿದ್ದರೆ ಹೆಸರನ್ನು ಮುಟ್ಟದೆ ಹಾಗೆಯೇ ತೋರಿಸುತ್ತದೆ. ಥೀಮ್ ಹೋದರೆ ಫಂಕ್ಷನ್ ಹೋಗುತ್ತದೆ, ಹೆಸರು ಉಳಿಯುತ್ತದೆ. ಬಾಡಿಗೆ ಮನೆಯ ಗೋಡೆಗೆ ನಮ್ಮ ಖರ್ಚಿನಲ್ಲಿ ಬೀರು ಕಟ್ಟಿಸಿದಂತೆ. ಥೀಮ್‌ನಲ್ಲಿ ಶಾರ್ಟ್‌ಕೋಡ್‌ಗಳು ಹೆಚ್ಚಿದಷ್ಟೂ ಬಿಟ್ಟು ಹೊರಡುವುದು ಕಷ್ಟ. ನೀವು ಅದನ್ನೇ ಅರ್ಹತೆ ಎಂದುಕೊಂಡಿದ್ದೀರಿ.

ಕೊನೆಗೆ ಹಳೆಯ ಫಂಕ್ಷನ್‌ಗಳನ್ನು, ಅವುಗಳ ಸಿಎಸ್ಎಸ್ ಸಮೇತ, ಒಂದು ಪುಟ್ಟ ಪ್ಲಗಿನ್‌ಗೆ (ಥೀಮ್‌ನಿಂದ ಬೇರೆಯಾಗಿ ವರ್ಡ್‌ಪ್ರೆಸ್‌ಗೆ ಸೇರಿಸುವ ತಂತ್ರಾಂಶ) ತಂದು ಅವೇ ಹೆಸರುಗಳಲ್ಲಿ ನೋಂದಾಯಿಸಿದೆ. ಪುಟಗಳು ಮರಳಿದವು. ನೀವು ಹೀಗೆ ಮಾಡುವುದಾದರೆ ಫಂಕ್ಷನ್ ತನ್ನ ಫಲಿತವನ್ನು ಹಿಂದಿರುಗಿಸಬೇಕು, ನೇರವಾಗಿ ಮುದ್ರಿಸಬಾರದು. ಮುದ್ರಿಸಿದರೆ ಚೌಕವು ಬರಹದ ತಲೆಯ ಮೇಲೆ ಹೋಗಿ ಕೂರುತ್ತದೆ. ಕಾಲಂ ಒಳಗೆ ಅದೇ ಹೆಸರಿನ ಇನ್ನೊಂದು ಕಾಲಂ ಇಡಬೇಡಿ. ವರ್ಡ್‌ಪ್ರೆಸ್ ಮೊದಲು ಸಿಕ್ಕ ಮುಕ್ತಾಯದ ಗುರುತನ್ನೇ ಹೊರಗಿನದಕ್ಕೆ ಜೋಡಿಸಿ ಪುಟವನ್ನು ಕೆಡಿಸುತ್ತದೆ.

ಆದರೆ ಈಗ ಹೊಸದಾಗಿ ಆರಂಭಿಸುವವರು ವಿನ್ಯಾಸಕ್ಕೆ ಶಾರ್ಟ್‌ಕೋಡ್ ಬಳಸಲೇಬಾರದು ಎನ್ನುತ್ತೇನೆ. 2008ರಲ್ಲಿ 2.5 ಆವೃತ್ತಿಯೊಂದಿಗೆ ಶಾರ್ಟ್‌ಕೋಡ್ ಬಂದಾಗ ಬೇರೆ ಸುಲಭ ದಾರಿ ಇರಲಿಲ್ಲ. 2018ರ ಡಿಸೆಂಬರ್‌ನಲ್ಲಿ 5.0 ಬಂದ ಮೇಲೆ ಬ್ಲಾಕ್‌ಗಳಿವೆ, ಅಂದರೆ ವರ್ಡ್‌ಪ್ರೆಸ್‌ನ ಸಂಪಾದಕದಲ್ಲೇ ಪುಟವನ್ನು ಕಟ್ಟುವ ತುಣುಕುಗಳು. ಕಾಲಮ್ಸ್, ಗ್ರೂಪ್ ಬ್ಲಾಕ್‌ಗಳ ಎಚ್‌ಟಿಎಂಎಲ್ (ಪುಟದ ರಚನೆಯ ಗುರುತುಗಳು) ನಿಮ್ಮ ಬರಹದೊಳಗೇ ಉಳಿಯುತ್ತದೆ. ಥೀಮ್ ಬದಲಾದರೆ ಬಣ್ಣ, ಅಂತರ ಹೆಚ್ಚುಕಡಿಮೆಯಾಗಬಹುದು, ವಿಭಾಗಗಳು ಉಳಿಯುತ್ತವೆ.

ಪೇಜ್ ಬಿಲ್ಡರ್ (ಪುಟದ ವಿನ್ಯಾಸ ಕಟ್ಟಲು ಬಳಸುವ ಪ್ಲಗಿನ್) ಕೊಳ್ಳಿ ಎಂದು ಯಾರಾದರೂ ಹೇಳಿದರೆ, ಮೊದಲು ಪ್ರಯೋಗದ ತಾಣದಲ್ಲಿ ಅದರಿಂದ ಒಂದು ಪುಟ ಮಾಡಿ, ಅದನ್ನು ನಿಷ್ಕ್ರಿಯಗೊಳಿಸಿ ಪುಟವನ್ನು ನೋಡಿ. ಕೆಲವು ಬಿಲ್ಡರ್‌ಗಳು ಒಳಗೊಳಗೇ ಶಾರ್ಟ್‌ಕೋಡ್‌ಗಳನ್ನೇ ತುಂಬಿರುತ್ತವೆ.

ನರ್ಸರಿಯ ತಾಣದಲ್ಲಿ ಈಗ ಒಂದೇ ಶಾರ್ಟ್‌ಕೋಡ್ ಉಳಿದಿದೆ, ಅದೂ ನಮ್ಮದೇ ಪ್ಲಗಿನ್‌ನಲ್ಲಿ: ಸಸಿಯ ಅಂದಿನ ಬೆಲೆಯನ್ನು ಪಟ್ಟಿಯಿಂದ ತಂದು ತೋರಿಸುವುದು. ಬದಲಾಗುತ್ತಲೇ ಇರುವ ಇಂತಹ ಮಾಹಿತಿಗೆ ಅದನ್ನು ಧಾರಾಳವಾಗಿ ಬಳಸಿ.