ಬೇರೆ ಬೇರೆ ಭಾಷೆ, ಧರ್ಮದವರು ಒಟ್ಟಿಗಿದ್ದರೆ ಸಮಾಜ ಗಟ್ಟಿಯಾಗುತ್ತದಾ, ಒಡೆಯುತ್ತದಾ?

ವೈವಿಧ್ಯ ತಾನಾಗಿಯೇ ಎರಡನ್ನೂ ಮಾಡುವುದಿಲ್ಲ. ಭಾಷೆ, ಜಾತಿ, ಓಣಿ, ದುಡ್ಡು, ಪಕ್ಷ ಎಲ್ಲವೂ ಒಂದೇ ಗೆರೆಯ ಮೇಲೆ ಬಂದು ಕೂತರೆ ಊರು ಒಡೆಯುತ್ತದೆ. ಗೆರೆಗಳು ಒಂದನ್ನೊಂದು ಅಡ್ಡ ಹಾಯ್ದರೆ ಗಟ್ಟಿಯಾಗುತ್ತದೆ.

ನಮ್ಮ ಬೆಳಗಾವಿಯನ್ನೇ ನೋಡಿ. 1956ರಲ್ಲಿ ಊರು ಮೈಸೂರು ರಾಜ್ಯಕ್ಕೆ ಸೇರಿದಾಗಿನಿಂದ ಗಡಿ ತಕರಾರು ಇದ್ದೇ ಇದೆ, ಬಸ್ಸುಗಳಿಗೆ ಮಸಿ ಬಳಿಯುವ ದಿನಗಳೂ ಬರುತ್ತವೆ. ಆದರೆ ರವಿವಾರ ಪೇಟೆಯಲ್ಲಿ ನಿಂತರೆ, ಒಬ್ಬ ಗಿರಾಕಿಗೆ ಕನ್ನಡದಲ್ಲಿ ಬೆಲ್ಲದ ರೇಟು ಹೇಳಿ, ಅದೇ ಉಸಿರಿನಲ್ಲಿ ಇನ್ನೊಬ್ಬರ ಜೊತೆ ಮರಾಠಿಯಲ್ಲಿ ಚೌಕಾಸಿಗೆ ಇಳಿಯುವ ಅಂಗಡಿಯವರು ಸಿಗುತ್ತಾರೆ. ಇಲ್ಲಿನ ಜೈನರಲ್ಲಿ ಕನ್ನಡ ಮನೆಮಾತಿನವರೂ ಇದ್ದಾರೆ, ಮರಾಠಿಯವರೂ ಇದ್ದಾರೆ. ಭಾಷೆಯಲ್ಲಿ ಬೇರೆಯಾದವರು ಬಸದಿಯಲ್ಲಿ ಒಂದೇ ಸಾಲಿನಲ್ಲಿ ಕೂರುತ್ತಾರೆ. ಹೀಗಿದ್ದಾಗ 'ನಾವು–ಅವರು' ಅಂತ ಪೂರ್ತಿ ಗೋಡೆ ಕಟ್ಟೋದು ಕಷ್ಟ, ಅಲ್ವಾ?

ಅಶುತೋಷ್ ವಾರ್ಷ್ನೆ ಎಂಬ ರಾಜಕೀಯ ತಜ್ಞರು ಭಾರತದ 6 ನಗರಗಳನ್ನು ಹೋಲಿಸಿ ನೋಡಿದ್ದಾರೆ. ಹಿಂದೂ, ಮುಸ್ಲಿಮರು ಒಟ್ಟಿಗೆ ಇರುವ ವ್ಯಾಪಾರಿ ಸಂಘ, ಕಾರ್ಮಿಕ ಸಂಘಗಳು ಗಟ್ಟಿಯಾಗಿದ್ದ ಕಡೆ ಗಲಭೆ ಕಡಿಮೆ. ಕಾರಣ ಸರಳ: ಗಾಳಿಸುದ್ದಿ ಹಬ್ಬಿದಾಗ 'ಇದು ನಿಜಾನಾ?' ಅಂತ ಕೇಳೋಕೆ ಆ ಕಡೆ ಒಬ್ಬ ಪರಿಚಯದವರು ಇರುತ್ತಾರೆ, ಮತ್ತು ಅಂಗಡಿ ಬಂದ್ ಆದರೆ ಇಬ್ಬರಿಗೂ ನಷ್ಟ.

ಸುಮ್ನೆ ಅಕ್ಕಪಕ್ಕ ಮನೆ ಇದ್ದ ಮಾತ್ರಕ್ಕೆ ಇದು ಆಗುವುದಿಲ್ಲ. ಅಮೆರಿಕದಲ್ಲಿ ರಾಬರ್ಟ್ ಪಟ್ನಮ್ ಎಂಬ ರಾಜಕೀಯ ತಜ್ಞರು 2007ರಲ್ಲಿ ಹೇಳಿದ್ದು ಇದನ್ನೇ: ವೈವಿಧ್ಯ ಜಾಸ್ತಿ ಇರುವ ಬಡಾವಣೆಗಳಲ್ಲಿ ಜನ ತಮ್ಮವರನ್ನೂ ಅಷ್ಟಾಗಿ ನಂಬುವುದಿಲ್ಲ, ಆದರೆ ಕಾಲ ಕಳೆದಂತೆ ಇದು ಬದಲಾಗಬಹುದು.